ಅಜ್ಜಿನ್ನ ಕಡೀಕ ಕೇಳೋ ವರ್ಷನ್

ಮೊಣಕಾಲ ಬ್ಯಾನಿಗೆ ಎಣ್ಣಿ ಸಿಗತೈತಿ, ಕಣ್ಣಿನ ಪೊರಿಗೆ ಆಪರೇಷನ್ ಐತಿ, ಆದ್ರ ಮನ್ಯಾಗ ಯಾರೂ ಏನೂ ಕೇಳಂಗಿಲ್ಲ ಅನ್ನೋ ಬ್ಯಾನಿಗೆ ಗಂಗಾವತಿ ಪ್ಯಾಟ್ಯಾಗ ಒಂದು ದವಾಖಾನಿನೂ ಇಲ್ಲ ನೋಡ್ರಿ. ಮೊದ್ಲ ಹಂಗಿದ್ದಿಲ್ಲ. ಸಾರಿಗೆ ಉಪ್ಪೆಷ್ಟು ಅನ್ನೋದ್ರಿಂದ ಹಿಡದು ಎಮ್ಮಿ ಯಾವಾಗ ಈಯತೈತಿ ಅನ್ನೋತನಕ ನನ್ನ ಕೇಳತಿದ್ರು. ಗೊತ್ತಿಲ್ಲಂದ್ರೂ ಹೇಳತಿದ್ದೆ. ಎಮ್ಮಿ ತನ್ನ ಟೈಮಿಗೆ ತಾನು ಈಯತಿತ್ತು, ಹೆಸರು ನಂದಾಗತಿತ್ತು. ಈಗ ಎಲ್ಲಾರೂ ಫೋನಿಗೆ ಕೇಳ್ತಾರ. ಅದಕ್ಕ ಸಿಟ್ಟಿಗೆ ಬಂದು ನಾನೂ ಫೋನ್ ಹಿಡದೀನಿ. ಒಂದ ಬೆರಳಿಲೆ ಇದನ್ನ ಒತ್ತಾಕತ್ತೀನಿ. ಮುಂದಿನ ಶಬ್ದ ಯಾವ್ದು ಅಂತ ನನ್ನಕಿಂತ ಮೊದ್ಲ ಅದ ಹೇಳತೈತಿ. ‘ನಮ್ಮ ಸೊಸಿ’ ಅಂತ ಒತ್ತಿದ್ರ ‘ಒಳ್ಳೆಯವಳು’ ಅಂತ ತಾನ ಮುಂದ ಬಂದು ನಿಂತಿತು. ಒರಸಾಕ ಹೋದೆ. ಆಮ್ಯಾಲ ಇರಲಿ ಅಂತ ಬಿಟ್ಟೆ, ಯಾಕಂದ್ರ ಅದು ಖರೇನ ಐತಿ. ನಮ್ಮ ಮನಿ ತ್ರಾಸೆಲ್ಲಾ ಆಕಿ ಒಳ್ಳೆತನದ್ದ.

ಆಕಿ ಹೆಸರು ರೇಣುಕಾ. ನಂಗ ಸೊಸಿನೂ ಹೌದು, ಮೊಮ್ಮಗಳೂ ಹೌದು. ಕುಷ್ಟಗಿಗೆ ಕೊಟ್ಟ ನನ್ನ ಮಗಳು ಶಾಂತವ್ವ, ಆಕಿ ಮಗಳು ಈಕಿ. ನನ್ನ ಸಣ್ಣ ಮಗ ವಿರುಪಾಕ್ಷಿಗೆ ತಂದ್ಕೊಂಡ್ವಿ. ಸೋದರಮಾವಗ ಕೊಡೋದು ನಮ್ಮ ಕಡೆ ಹೊಸದೇನಲ್ಲ. ಹಿಂಗಾಗಿ ಅವರ ಮಗಳು ಚಿನ್ನು ಮಗನ ಕಡಿಂದ ನಂಗ ಮೊಮ್ಮಗಳು, ಮಗಳ ಕಡಿಂದ ಮರಿಮೊಮ್ಮಗಳು. ಅಪ್ಪನ ಕಡಿಂದ ಹತ್ತಿದ್ರೂ, ಅವ್ವನ ಕಡಿಂದ ಹತ್ತಿದ್ರೂ ಮ್ಯಾಲ ನಾನ ಕುಂತಿರತೀನಿ. ಇದೊಂದು ನಂಗ ಭಾಳ ಜಂಬ.

ರೇಣುಕಾ ಶ್ರೀರಾಮನಗರದ ಒಂದು ರೈಸ್ ಮಿಲ್ಲಿನ್ಯಾಗ ಕಂಪ್ಯೂಟರ್ ಮುಂದ ಕೂಡತಾಳ. ಭತ್ತದ ಲೋಡು ತೂಕಕ್ಕ ಬಂತಂದ್ರ ಕಸಕಡ್ಡಿ, ಹಸಿ, ಎಲ್ಲಾ ಲೆಕ್ಕ ಹಾಕಿ ಇಷ್ಟು ತೂಕ ಕಡತ, ಅಂದ್ರ ಇಷ್ಟು ಮುರಕೋತೀವಿ ಅಂತ ಚೀಟಿ ಬರತೈತಿ. ಆ ಚೀಟಿ ಕಿಟಕ್ಯಾಗಿಂದ ಕೊಡೋದು ಆಕಿ ಕೆಲಸ. ನಮ್ಮ ಓಣಿ ಮಂದಿ ಬ್ಯಾರೆ ಮಿಲ್ಲು ಬಿಟ್ಟು ಅಲ್ಲಿಗೆ ಹೋಗತಿದ್ರು. ನಮ್ಮ ರೇಣುಕಾ ಕೊಟ್ಟ ಚೀಟಿ ಅಂತ ತಿರುಗಿಸಿ ನೋಡ್ದ ಕಿಸೆದಾಗ ಇಟಗೊಳ್ಳತಿದ್ರು. ಪಗಾರಕಿಂತ ಆಕಿಗೆ ಅದ ದೊಡ್ಡದು.

ಈ ಸುಗ್ಗಿಗೆ ಮೊದ್ಲ ಮಿಲ್ಲಿನ ಹಳೇ ಕಂಪ್ಯೂಟರ್ ಸತ್ತಿತು. ಸಾವಕಾರ ಹೊಸಾದು ತಂದ. ಒಳಗಿನ ಲೆಕ್ಕಾ ಎಲ್ಲಾ ಪೈಥಾನ್ ಅನ್ನೋ ಭಾಷಾದಾಗ ಬರದಾರಂತ. ಹಂಗಂದ್ರ ಹೆಬ್ಬಾವು ಅಂತ ಚಿನ್ನು ಹೇಳಿದ್ಲು. ಹೆಬ್ಬಾವಿನ ಭಾಷಾದಾಗ ಬರದ್ರ ರೈತನ ಭತ್ತ ನುಂಗ್ದ ಏನ್ ಮಾಡತೈತಿ ಅಂದೆ, ಯಾರೂ ನಗಲಿಲ್ಲ. ಬರದಾಂವ ಎಂದೋ ಬಿಟ್ಟು ಹೋಗ್ಯಾನ. ಅಂವ ಬರದದ್ದು ಆ ಭಾಷಾದ ಹಳೇ ವರ್ಷನ್, ಹೊಸ ಕಂಪ್ಯೂಟರಿನ್ಯಾಗ ನಡಿಯೋದು ಹೊಸ ವರ್ಷನ್. ರೇಣುಕಾ ಕುಂತು ಅಲ್ಲಲ್ಲಿ ತಿದ್ದಿ, ನಡಿಯುವಂಗ ಮಾಡಿದ್ಲು. ಸಾವಕಾರ ಶಾಭಾಸ್ ಅಂದ. ಎಲ್ಲಾ ಛಲೋ ಆತು ಅಂದ್ಕೊಂಡ್ವಿ.

ಮೊದಲನೇ ಹಸಿ ಲೋಡು ಬಂದದ್ದು ನಮ್ಮ ಬಾಜೂ ಮನಿ ಹನುಮವ್ವಂದು. ಗಂಡ ಇಲ್ಲದಾಕಿ, ಕಾಲುವಿ ಕೆಳಗ ತುಂಡು ಹೊಲ, ವರ್ಷಾನುಗಟ್ಟಲೆ ಅದ ಮಿಲ್ಲಿಗೆ ಹಾಕತಾಳ. ಯಾವತ್ತೂ ಬರದಷ್ಟು ಕಡತ ಬಂತು. ಆಕಿ ಮೊದಲನೇ ಸಲ ಚೀಟಿ ತಿರುಗಿಸಿ ನೋಡಿದ್ಲಂತ. ಜಗಳ ಮಾಡಲಿಲ್ಲಂತ. ಜಗಳ ಮಾಡಿದ್ರ ಛಲೋ ಇತ್ತು.

ಅವತ್ತು ಸಂಜಿಕ ರೇಣುಕಾ ಮುಖಾನೂ ತೊಳಕೊಳ್ದ ಕಟ್ಟಿ ಮ್ಯಾಲ ಕುಂತ್ಲು. ಏನಾತವಾ ಅಂತ ನಾನ ಕೇಳಿದೆ. ನನ್ನ ಯಾರೂ ಕೇಳದಿದ್ರ ನಾನರ ಕೇಳಬೇಕಲ್ಲ. ಆಕಿ ನಮ್ಮ ಮನಿ ಮಂದಿನ್ನ ಉದಾಹರಣಿ ಇಟ್ಕೊಂಡ ತಿಳಿಸಿದ್ಲು. ಲೆಕ್ಕದಾಗೂ ಅವ್ವ ಅಪ್ಪ ಮಕ್ಕಳು ಇರತಾವಂತ, ಕ್ಲಾಸ್ ಅಂತಾರಂತ. ಮಗಳಿಗೆ ಒಂದು ಕೆಲಸ ಗೊತ್ತಿಲ್ಲಂದ್ರ ಹಿರ್‍ಯಾರನ್ನ ಕೇಳತೈತಿ. ಯಾರನ್ನ ಮೊದ್ಲ ಕೇಳಬೇಕು ಅನ್ನೋದು ವರ್ಷನ್ ಮ್ಯಾಲ. ಚಿನ್ನುಗ ಏನೋ ಗೊತ್ತಿಲ್ಲ ಅಂತ ಇಟಗೋರಿ. ಹಳೇ ವರ್ಷನ್ ಮೊದ್ಲ ಅವ್ವನ್ನ ಕೇಳತೈತಿ, ಅವ್ವಗ ಗೊತ್ತಿಲ್ಲಂದ್ರ ಅವ್ವನ ಅವ್ವನ್ನ, ಹಂಗ ಒಂದ ದಾರಿ ಹಿಡದು ಸೀದಾ ನನತನಕ ಬರತೈತಿ. ನಾನು ಹೂಂ ಅಂದ್ರ ಮುಗೀತು, ಅಪ್ಪನ್ನ ಯಾರೂ ಕೇಳಂಗಿಲ್ಲ. ಹೊಸ ವರ್ಷನ್ ಹಂಗಲ್ಲ. ಅಜ್ಜಿ ಎರಡೂ ಕಡಿಗೆ ಬೇಕಾದಾಕಿ, ಆಕಿ ಎಲ್ಲಿಗೂ ಹೋಗಂಗಿಲ್ಲ, ಅಪ್ಪನ್ನೂ ಕೇಳಿ ಮುಗಿಸಿ ಎಲ್ಲಾರಕಿಂತ ಕಡೀಕ ಆಕಿನ್ನ ಕೇಳೂಣು ಅಂತೈತಿ.

ಮಿಲ್ಲಿನ ಲೆಕ್ಕದಾಗ ಅಜ್ಜಿ ಅಂದ್ರ ಬರೇ ‘ಲೋಡು’. ಕಸಕಡ್ಡಿಗೆ ಅಂತ ಆಕಿ ಹೇಳೋ ಕಡತ ಸ್ವಲ್ಪ. ಆಕಿಗೆ ಇಬ್ಬರು ಮಕ್ಕಳು, ‘ಕಾಯಂ ರೈತರ ಲೋಡು’ ಒಂದು, ‘ಹಸಿ ಲೋಡು’ ಒಂದು. ಕಾಯಂಗ ಕಡತದ ಮಾತ ಗೊತ್ತಿಲ್ಲ, ಹಸಿ ಲೋಡಿಂದು ಮಾತ್ರ ಬಿಗಿ ಕೈ, ಭಾಳ ಕಡತ ಹಿಡಿತೈತಿ. ಹನುಮವ್ವಂದು ಕಾಯಂ ರೈತರ ಹಸಿ ಲೋಡು, ಇಬ್ಬರಿಗೂ ಹುಟ್ಟಿದ ಕೂಸು. ಹಳೇ ವರ್ಷನ್ ಕಾಯಂನ ಕೇಳಿ, ಅಲ್ಲಿಂದ ಮ್ಯಾಲ ಅಜ್ಜಿ ಹಂತ್ಯಾಕ ಹೋಗಿ, ಸ್ವಲ್ಪ ಕಡತ ತಗೊಂಡು ತಿರುಗಿ ಬರತಿತ್ತು. ಬಿಗಿ ಕೈಯಾಂವನ್ನ ಇಷ್ಟು ವರ್ಷ ಯಾರೂ ಕೇಳ ಇಲ್ಲ. ಹೊಸ ವರ್ಷನ್ ಅಜ್ಜಿ ಹಂತ್ಯಾಕ ಹೋಗೂಕಿಂತ ಮೊದ್ಲ ಅಂವನ್ನ ಕೇಳಿತು.

ಲೆಕ್ಕಾ ಬರದಾಂವಗ ಇದು ಗೊತ್ತಿದ್ದಿಲ್ಲ. ಕಾಯಂ ರೈತರು ಸಾವಕಾರಂದು ದೊಡ್ಡ ಮನಸು ಅಂದ್ಕೊಂಡಿದ್ರು. ಮಂದಿ ತನ್ನ ಗುಣಕ್ಕ ಬರತಾರ ಅಂತ ಸಾವಕಾರ ಅಂದ್ಕೊಂಡಿದ್ದ. ದೊಡ್ಡ ಮನಸು ಇದ್ದದ್ದು ಹಳೇ ವರ್ಷನ್‌ದು.

ನಂಗ ಒಳಗೊಳಗ ಖುಷಿ ಆತು, ಸುಳ್ಳು ಯಾಕ ಹೇಳಲಿ. ನಾಲ್ಕು ಮಂದಿ ಹೊಟ್ಟಿ ತಣ್ಣಗಿದ್ದದ್ದು ಅಜ್ಜಿನ್ನ ಮೊದ್ಲ ಕೇಳಿದ್ದಕ್ಕ ನೋಡು ಅಂದೆ. ಹಳೇದರಂಗ ಮಾಡಿ ಸುಮ್ಮ ಕೂಡು, ಸಾವಕಾರಗ ಏನ್ ತಿಳಿಯತೈತಿ ಅಂತ ಬುದ್ಧಿನೂ ಹೇಳಿದೆ. ಆಕಿ ತಲಿ ಅಲ್ಲಾಡಿಸಿ ಒಳಗ ಹೋಗಿ ಗಂಡನ್ನ ಕೇಳಿದ್ಲು. ನನ್ನ ಮಗ ಟ್ರ್ಯಾಕ್ಟರ್ ಓಡಸಾಂವ, ಹಾದಿನೂ ಸೀದಾ, ಮಾತೂ ಸೀದಾ. ಇದ್ದದ್ದು ಇದ್ದಂಗ ಸಾವಕಾರಗ ಹೇಳು ಅಂದ. ನಮ್ಮ ಮನ್ಯಾಗ ಹೊಸ ವರ್ಷನ್ ಎಂದು ಹಾಕಿದ್ರೋ ನಂಗ ಗೊತ್ತ ಆಗಿಲ್ಲ.

ಮರುದಿನ ಆಕಿ ಎಲ್ಲಾ ಹೇಳಿದ್ಲು. ಸಾವಕಾರ ಸಿಟ್ಟಾಗಲಿಲ್ಲ. ಚಹಾ ತರಿಸಿ, ಕುಡಿಯಮ್ಮಾ ಅಂದು, ಆಮ್ಯಾಲ ಕೇಳಿದ್ನಂತ: “ಈಗ ಬರಾಕತ್ತಿದ್ದ ಲೆಕ್ಕ ಸರಿ ಅಲ್ವಾಮ್ಮಾ?”

ಸರಿ ಐತ್ರಿ ಅಂದ್ಲು. ಸುಳ್ಳು ಹೇಳಾಕ ಬರಂಗಿಲ್ಲ ಆಕಿಗೆ, ಎಷ್ಟು ಕಲಿಸಿದ್ರೂ.

“ಸರಿ ಇದ್ದದ್ದು ಇರಲಿ ಬಿಡು.”

ಅಲ್ಲಿಗೆ ಆತು. ಹೊರಗ ನಿಂತ ರೈತರಿಗೆ ಸಾವಕಾರ ಕೈ ಮುಗದು, ನಂದೇನೂ ಇಲ್ರಪಾ, ಕಂಪ್ಯೂಟರ್ ಮುಂದ ಕೂಡೋ ಹುಡುಗಿ ಎಲ್ಲಾ ಬದಲಿ ಮಾಡ್ಯಾಳ, ಆಕಿನ್ನ ಕೇಳ್ರಿ ಅಂದನಂತ. ಇಷ್ಟು ದಿನದ ದೊಡ್ಡ ಮನಸು ಅಂವನ ಹೆಸರಿಗೆ ಉಳೀತು. ಹೊಸ ಕಡತ ನಮ್ಮ ರೇಣುಕಾನ ಹೆಸರಿಗೆ ಬಂತು.

ಅಲ್ಲಿಂದೀಚೆ ಕಿಟಕಿ ಹಂತ್ಯಾಕ ಬಂದಾರು ಅಲ್ಲೇ ನಿಂತು ಚೀಟಿ ಓದಾಕತ್ಯಾರ. ಓದಾಕ ಬರಲಾರದಾರು ಬಾಜೂದಾಂವನ ಕೈಲೆ ಓದಿಸ್ತಾರ. ಆಕಿ ಅಲ್ಲೇ ಕುಂತಿರತಾಳ. ಬೈಯಂಗಿಲ್ಲ ಯಾರೂ. ಮೊದ್ಲ ‘ರೇಣುಕವ್ವಾ’ ಅನ್ನತಿದ್ದಾರು ಈಗ ‘ಮೇಡಂ’ ಅಂತಾರ. ಹನುಮವ್ವ ಮಜ್ಜಿಗಿ ಕಳಸೂದು ಬಿಟ್ಟಾಳ. ನಾನು ಗ್ವಾಡಿ ಮ್ಯಾಲಿಂದ ಇಣುಕಿ, ಎಮ್ಮಿ ಬತ್ತಿತೇನ ಹನುಮವ್ವಾ ಅಂದೆ, ನಗಿಸೂಣು ಅಂತ. ಎಮ್ಮಿ ಹಿಂಡತೈತಿ ಅಕ್ಕಾ, ಅಂದು ಒಳಗ ಹೋದ್ಲು. ಅಷ್ಟ. ಚಿನ್ನು ಆಕಿ ಅಂಗಳದಾಗ ಆಡಾಕ ಹೋಗತಿದ್ಲು, ಈಗ ನಮ್ಮ ಕಟ್ಟಿ ಮ್ಯಾಲ ಒಬ್ಬಾಕಿನ ಗಜ್ಜುಗ ಆಡತಾಳ. ರೇಣುಕಾ ತಾಟಿನ್ಯಾಗಿನ ರೊಟ್ಟಿ ಮುರದು ಮುರದು ಇಡತಾಳ, ಉಣ್ಣಂಗಿಲ್ಲ. ಏನ್ ಮಾಡಲಿ ಅಂತ ಗಂಡನ್ನ ಮತ್ತ ಕೇಳಿದ್ಲು, ಅಂವಗೂ ಗೊತ್ತಾಗಲಿಲ್ಲ. ಕುಷ್ಟಗಿಗೆ ಫೋನ್ ಹಚ್ಚಿ ಅವ್ವನ್ನ ಕೇಳಿದ್ಲು, ಶಾಂತವ್ವ ಅತ್ತು ಬಿಟ್ಲು.

ಮೊನ್ನೆ ಮಧ್ಯಾಹ್ನ ನಾನು ಶೇಂಗಾ ಸುಲೀತಾ ಕುಂತಿದ್ದೆ. ರೇಣುಕಾ ಬಂದು ಎದರಿಗೆ ಕುಂತ್ಲು. ಒಂದು ಹಿಡಿ ಶೇಂಗಾ ತಗೊಂಡ್ಲು, ಸುಲಿಯಲಿಲ್ಲ.

“ಅಜ್ಜಿ, ಒಂದ ಸಾಲು ಬರದ್ರ ಸಾಕು, ಹಳೇದರಂಗ ಆಗತೈತಿ. ಸಾವಕಾರಗ ತಿಳಿದ್ರ ಕಳ್ಳಿ ಅಂತ ಹೊರಗ ಹಾಕ್ತಾರ. ಬರೀಲಿಲ್ಲಂದ್ರ ಹನುಮವ್ವನ ಮುಖಾ ನೋಡಾಕ ಆಗವಲ್ದು. ಬರೀಲೋ ಬ್ಯಾಡೋ?”

ಎಷ್ಟು ದಿನಕ್ಕ ಕೇಳಿದ್ಲು ನೋಡ್ರಿ. ಎಲ್ಲಾರನ್ನೂ ಕೇಳಿ ಮುಗಿಸಿ ಕಡೀಕ ನನ್ನ ಹಂತ್ಯಾಕ ಬಂದಿದ್ಲು. ಮೊದ್ಲ ಅಷ್ಟು ಸಲೀಸಾಗಿ ಬುದ್ಧಿ ಹೇಳಿದ ಬಾಯಿ ಇದ. ಹೂಂ ಅಂದ್ರ ಕಳವು ಆಕಿ ತಲಿ ಮ್ಯಾಲ, ಬ್ಯಾಡ ಅಂದ್ರ ಹನುಮವ್ವನ ಹೊಟ್ಟಿ ನನ್ನ ತಲಿ ಮ್ಯಾಲ. ನನ್ನ ಮ್ಯಾಲ ಯಾರರ ಇದ್ದಿದ್ರ ಅವರ ಕಡೆ ಕೈ ತೋರಸತಿದ್ದೆ. ಮ್ಯಾಲ ನೋಡಿದೆ, ತಗಡು ಇತ್ತು.

ಆಕಿ ಮತ್ತೊಮ್ಮೆ ಕೇಳಿದ್ಲು. ನಾನು ಕಿವಿಗೆ ಕೈ ಹಚ್ಚಿ, ಏನಂದಿ, ಈಗೀಗ ಕೇಳಸಂಗಿಲ್ಲವಾ ನಂಗ, ಅಂದು ಶೇಂಗಾ ಸುಲಿಯಾಕ ಹತ್ತಿದೆ.