ಏಸಿ ಸ್ವಿಚ್ ಒತ್ತುವ ಮುಂಚೆ

ಕರೆಂಟಿನ ಕೆಲಸ ಮಾಡುವವನಿಗೆ ವೈರಿನಿಂದ ಹೊಡೆಯುವ ಶಾಕು ಕಡಿಮೆ, ಜನರಿಂದ ಹೊಡೆಯುವುದೇ ಜಾಸ್ತಿ. ವೈರಾದರೆ ಟೆಸ್ಟರ್ ಇಟ್ಟು ನೋಡಬಹುದು. ಮನುಷ್ಯರಿಗೆ ಎಲ್ಲಿ ಇಟ್ಟು ನೋಡುವುದು?

ಎಪ್ಪತ್ತರ ದಶಕದ ಕೊನೆಯಿಂದ ಹತ್ತು ಹನ್ನೆರಡು ವರ್ಷ ನಾನು ಏಸಿ ಕೂರಿಸುವ ಒಂದು ಕಂಪನಿಯಲ್ಲಿ ವೈರ್‌ಮ್ಯಾನ್ ಆಗಿದ್ದೆ. ಕಿಟಕಿಗೆ ತಗುಲಿಹಾಕುವ ಡಬ್ಬದ ಏಸಿ ಅಲ್ಲ. ಬೀರುವಿನಷ್ಟು ಎತ್ತರದ್ದು, ಆರು ಜನ ಹೊತ್ತರೂ ಜಗ್ಗದಂಥದ್ದು, ಮೂರು ಫೇಸ್ ಕರೆಂಟು ಕುಡಿಯುವಂಥದ್ದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಎಲ್ಲಿ ಕೆಲಸ ಬಂದರೂ ನನ್ನನ್ನೂ ನಮ್ಮ ಮೇಸ್ತ್ರಿಯನ್ನೂ ಕಳಿಸುತ್ತಿದ್ದರು. ನಾನು ಕೋಲಾರದ ಪಕ್ಕದ ಹಳ್ಳಿಯವನು. ಮೇಸ್ತ್ರಿ ಆಂಧ್ರದ ಗಡಿಯವರು, ಮನೆಯಲ್ಲಿ ತೆಲುಗು, ಕೆಲಸದಲ್ಲಿ ಕನ್ನಡ, ಕೋಪ ಬಂದಾಗ ಎರಡೂ.

ಇಂಥ ಮಿಷನ್ನನ್ನು ಸಿದ್ಧ ಮಾಡೋಕೆ ನಾಲ್ಕು ದಿನ ಬೇಕು, ಸ್ವಿಚ್ ಒತ್ತೋಕೆ ಒಂದು ಸೆಕೆಂಡು ಸಾಕು. ನಮ್ಮ ಜನಕ್ಕೆ ಬೇಕಾದದ್ದು ಆ ಒಂದು ಸೆಕೆಂಡು ಮಾತ್ರ. ಉಳಿದ ನಾಲ್ಕು ದಿನದಲ್ಲಿ ನಡೆದದ್ದು ಇಲ್ಲಿದೆ.

ಜೇಬಿನಲ್ಲಿದ್ದ ಫ್ಯೂಸು

ಶ್ರೀನಿವಾಸಪುರದಲ್ಲಿ ಮಾವಿನ ಮಂಡಿಯ ಯಜಮಾನರೊಬ್ಬರು ತಮ್ಮ ಆಫೀಸಿಗೆ ಏಸಿ ಹಾಕಿಸಿದರು. ಊರಲ್ಲೇ ಮೊದಲನೆಯದು. ಯಜಮಾನರಿಗೆ ಅದೇ ಹೆಮ್ಮೆ.

ಮೇಸ್ತ್ರಿಯದ್ದು ಒಂದು ಕಟ್ಟುನಿಟ್ಟು. ವೈರು ಮುಟ್ಟುವ ಮುಂಚೆ ಮೈನು ಆಫ್ ಮಾಡಬೇಕು. ಮೂರೂ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಳ್ಳಬೇಕು. "ಮುಟ್ಟಬೇಡಿ, ಕೆಲಸ ನಡೆಯುತ್ತಿದೆ" ಅಂತ ಬೋರ್ಡು ತಗುಲಿಸಬೇಕು. ಇಷ್ಟೆಲ್ಲ ಆದಮೇಲೂ ಟೆಸ್ಟ್ ಲ್ಯಾಂಪು ಹಿಡಿದು, ಅದು ಉರಿಯಲಿಲ್ಲ ಅಂತ ಕಣ್ಣಾರೆ ಕಂಡಮೇಲೇ ಕೈ ಹಾಕಬೇಕು. "ಎಲ್ಲಾ ಆಫ್ ಮಾಡಿದ್ಮೇಲೆ ಲ್ಯಾಂಪ್ ಯಾಕೆ ಮೇಸ್ತ್ರಿ?" ಅಂತ ನಾನು ಎಷ್ಟೋ ಸಲ ಗೊಣಗಿದ್ದೆ.

ಅವತ್ತು ಹಾಗೇ ಫ್ಯೂಸು ಜೇಬಿಗಿಳಿಸಿ ಊಟಕ್ಕೆ ಹೋದೆವು. ಮುದ್ದೆ ಸೊಪ್ಪಿನ ಸಾರು ತಿಂದು, ಎಲೆ ಅಡಿಕೆ ಹಾಕಿಕೊಂಡು ವಾಪಸ್ ಬಂದೆವು. ಕೈಯಲ್ಲಿ ಸ್ಪ್ಯಾನರ್ ಹಿಡಿದು ನಾನು ಟರ್ಮಿನಲ್ಲಿಗೆ ಕೈ ಹಾಕಬೇಕು, ಅಷ್ಟರಲ್ಲಿ ಮೇಸ್ತ್ರಿ, "ಒರೇಯ್, ಲ್ಯಾಂಪು!" ಅಂದರು. ಗೊಣಗುತ್ತಾ ಲ್ಯಾಂಪು ಇಟ್ಟೆ. ಝಗ್ ಅಂತ ಉರಿಯಿತು.

ನಾನು ಸ್ಪ್ಯಾನರ್ ಬಿಸಾಕಿ ಹಿಂದಕ್ಕೆ ಜಿಗಿದೆ. ಮೇಸ್ತ್ರಿ ಜೇಬು ಮುಟ್ಟಿ ನೋಡಿಕೊಂಡರು. ಫ್ಯೂಸು ಮೂರೂ ಅಲ್ಲೇ ಇವೆ!

ಯಜಮಾನರು ನಗುನಗುತ್ತಾ ಬಂದರು. "ಫ್ಯೂಸ್ ಹಾಕೋದು ಮರೆತು ಹೋಗ್ಬಿಟ್ಟಿದ್ರಲ್ಲ ಮೇಸ್ತ್ರಿ. ಗೋಡೌನ್ ಬೋರ್ಡಿಂದ ಮೂರು ಕಿತ್ತು ನಾನೇ ಹಾಕಿ, ಮೈನೂ ಆನ್ ಮಾಡ್ದೆ."

"ಬೋರ್ಡ್ ಬರೆದು ಹಾಕಿದ್ನಲ್ಲ ಸ್ವಾಮಿ, ಮುಟ್ಟಬೇಡಿ ಅಂತ. ಓದಲಿಲ್ವಾ?"

"ಓದ್ದೆ. ಹೊರಗಿನೋರಿಗೆ ಬರೆದಿದ್ದೀರಿ ಅಂದ್ಕೊಂಡೆ. ನಾನು ಓನರ್ ಅಲ್ವಾ?"

ಮೇಸ್ತ್ರಿ ತೆಲುಗಿನಲ್ಲಿ ಏನೋ ಒಂದು ನುಂಗಿಕೊಂಡರು. ಮತ್ತೆ ಫ್ಯೂಸು ಕಿತ್ತು, ಬೋರ್ಡಿನ ಮುಂದೆ ಕುರ್ಚಿ ಹಾಕಿಸಿ, ಬಹಳ ವಿನಯವಾಗಿ ಹೇಳಿದರು. "ಯಜಮಾನ್ರೇ, ಇದು ಜೀವದ ಪ್ರಶ್ನೆ. ಬೇರೆ ಯಾರನ್ನೂ ನಂಬೋ ಹಾಗಿಲ್ಲ. ನೀವೇ ಇಲ್ಲಿ ಕೂತ್ಕೊಳ್ಳಿ. ಯಾವನಾದ್ರೂ ಬುದ್ಧಿಯಿಲ್ಲದೋನು ಬಂದು ಫ್ಯೂಸ್ ಹಾಕೋಕೆ ನೋಡಿದ್ರೆ ಬಿಡ್ಬೇಡಿ."

ಪುಣ್ಯಾತ್ಮರು ಸಂಜೆ ಐದರವರೆಗೂ ಕಾಫಿಗೂ ಏಳದೆ ಕಾವಲು ಕೂತರು. ಕೆಲಸ ಮುಗಿದಾಗ ಎದ್ದು, ಪಂಚೆ ಕೊಡವಿಕೊಂಡು, ಸ್ವಲ್ಪ ಬೇಜಾರಿನಿಂದಲೇ ಹೇಳಿದರು: "ಅಂಥೋನು ಯಾವನೂ ಬರ್ಲಿಲ್ಲವಲ್ಲ ಮೇಸ್ತ್ರಿ."

ಮೇಸ್ತ್ರಿ ಅಂದರು, "ಬಂದಿದ್ದ ಸ್ವಾಮಿ. ನೀವು ಕೂತಿದ್ರಲ್ಲ, ಅದಕ್ಕೇ ಎದ್ದು ಬರೋಕಾಗಲಿಲ್ಲ ಅವನಿಗೆ."

ಯಜಮಾನರು ಹೌದೌದು ಅಂತ ತಲೆ ಆಡಿಸಿದರು.

ತಾಮ್ರದ ತಗಡು

ಆವನಿಯ ಹತ್ತಿರ ರೇಷ್ಮೆ ಮೊಟ್ಟೆ ಇಡುವ ಒಂದು ಶೀತಲ ಕೋಣೆಗೆ ಮಿಷನ್ ಬಂತು. ಮಿಷನ್ನಿಗೆ ಮೊದಲು ಅರ್ಥಿಂಗ್ ಆಗಬೇಕು. ಆಳುದ್ದ ಗುಂಡಿ ತೋಡಿ, ತಾಮ್ರದ ತಗಡು ಇಳಿಸಿ, ಸುತ್ತ ಒಂದು ಪದರ ಉಪ್ಪು, ಒಂದು ಪದರ ಇದ್ದಿಲು ಹಾಕಿ, ಮೇಲಕ್ಕೆ ಒಂದು ಪೈಪು ಬಿಟ್ಟು ಅದರಲ್ಲಿ ನೀರು ಹುಯ್ಯಬೇಕು. ನಮಗೆ ದಿನನಿತ್ಯದ ಕೆಲಸ. ಆದರೆ ನೋಡುವವರ ಕಣ್ಣಿನಿಂದ ಒಂದು ಸಲ ನೋಡಿ: ಇಬ್ಬರು ಹೊರಗಿನವರು, ಗುಂಡಿ, ತಾಮ್ರದ ತಗಡು, ಉಪ್ಪು, ಇದ್ದಿಲು, ಅದೂ ಅಮಾವಾಸ್ಯೆ ದಿನ.

ಪಕ್ಕದ ಹಿಪ್ಪುನೇರಳೆ ತೋಟದ ಅಜ್ಜಿಯೊಬ್ಬಳು ಮೊದಲು ಬಂದು ಇಣುಕಿದಳು. "ಎವುರ್ನಿ ಪೂಡ್ಸ್ತಾ ಉಂಡಾರು ಸಾಮೀ?" ಯಾರನ್ನ ಹೂಳ್ತಿದ್ದೀರಾ ಅಂತ. ಅವಳಿಗೆ ಉತ್ತರ ಕೊಡುವಷ್ಟರಲ್ಲಿ ಹದಿನೈದು ಜನ ಸೇರಿದರು. ಒಬ್ಬ ಗಡ್ಡದವನು, "ಮಾಟ ಮಾಡ್ತಾವ್ರೆ, ನಮ್ಮ ಹುಳ ಎಲ್ಲಾ ಸಾಯ್ತವೆ" ಅಂತ ಕೂಗಿದ. ಇನ್ನೊಬ್ಬನ ಕೈಯಲ್ಲಿ ಗುದ್ದಲಿ ಇತ್ತು. ಅವನು ಗುಂಡಿಯನ್ನು ನೋಡುತ್ತಿರಲಿಲ್ಲ, ನನ್ನ ಮಂಡಿ ನೋಡುತ್ತಿದ್ದ.

ನಾನು ಹೆದರಿ ವೋಲ್ಟೇಜು, ಲೀಕೇಜು ಅಂತ ಏನೇನೋ ಶುರುಮಾಡಿದೆ. ಮೇಸ್ತ್ರಿ ನನ್ನ ಬಾಯಿ ಮುಚ್ಚಿಸಿ ಅಜ್ಜಿಗೆ ಹೇಳಿದರು. "ಅವ್ವಾ, ಆ ಮಿಷನ್ನಲ್ಲಿ ಕರೆಂಟು ಅನ್ನೋ ದೆವ್ವ ಇದೆ. ಅದು ದಾರಿ ತಪ್ಪಿದ್ರೆ ಮುಟ್ಟಿದೋರನ್ನ ಹಿಡ್ಕೊಂತದೆ. ಅದಕ್ಕೆ ಈ ತಗಡು ಇಳಿಸಿ ಭೂಮ್ತಾಯಿ ಹೊಟ್ಟೆಗೆ ದಾರಿ ಮಾಡ್ತಾ ಇದೀವಿ. ದಾರಿ ಒಣಗಬಾರದು. ದಿನಾ ನೀರು ಹಾಕ್ಬೇಕು."

ಯೋಚನೆ ಮಾಡಿ ನೋಡಿ, ಒಂದಕ್ಷರ ಸುಳ್ಳಿಲ್ಲ. ಅಜ್ಜಿ, "ಅಟ್ಲಾ ಚೆಪ್ಪು ಮಲ್ಲ!", ಹಂಗೆ ಹೇಳು ಮತ್ತೆ, ಅಂದು ತಾನೇ ಮೊದಲ ಕೊಡ ಹುಯ್ದಳು. ಗುದ್ದಲಿಯವನು ಗುಂಡಿ ಮುಚ್ಚೋಕೆ ಸಹಾಯ ಮಾಡಿದ.

ಆರು ತಿಂಗಳಾದಮೇಲೆ ಬೆಂಗಳೂರಿನಿಂದ ಇಂಜಿನಿಯರು ಬಂದು ಆ ಅರ್ಥಿಂಗನ್ನು ಮೀಟರಿಟ್ಟು ಅಳೆದರು. ಎರಡು ಸಲ ಅಳೆದರು. "ಇಷ್ಟು ಚೆನ್ನಾಗಿರೋ ಅರ್ಥಿಂಗು ನಾನು ನೋಡೇ ಇಲ್ಲ. ಯಾರು ಮೇಂಟೈನ್ ಮಾಡ್ತಿರೋದು?" ಅಂತ ಕೇಳಿದರು.

ಅರಿಶಿನ ಕುಂಕುಮ ಮೆತ್ತಿದ್ದ ಪೈಪಿನ ಹಿಂದಿನಿಂದ ಅಜ್ಜಿ ಎದ್ದು ನಿಂತಳು. "ನಾನೇ ಸಾಮಿ. ಮಂಗಳವಾರ ಶುಕ್ರವಾರ ನಿಂಬೆಹಣ್ಣೂ ಇಡ್ತೀನಿ."

ಸಾಕು, ಹಾಕು

ಮುಳಬಾಗಿಲಿನ ಒಂದು ಟಾಕೀಸಿಗೆ ಏಸಿ ಹಾಕುವಾಗಿನ ಮಾತು. ಮಿಷನ್ ಕೆಳಗೆ, ಅದರ ಬಿಸಿನೀರನ್ನು ಆರಿಸುವ ಗೋಪುರ ತಾರಸಿಯ ಮೇಲೆ. ಗೋಪುರದ ತುದಿಯಲ್ಲಿ ದೊಡ್ಡ ಫ್ಯಾನು, ಬಿಸಿ ಗಾಳಿಯನ್ನು ಮೇಲಕ್ಕೆ ಎಸೆಯಬೇಕು. ಮೂರು ಫೇಸಿನ ಮೋಟಾರು ಎಡಕ್ಕೆ ತಿರುಗುತ್ತದೋ ಬಲಕ್ಕೆ ತಿರುಗುತ್ತದೋ ಒಂದು ಸಲ ತಟ್ಟಿ ನೋಡಿದರೇ ಗೊತ್ತಾಗುವುದು. ಸ್ವಿಚ್ ಹಾಕು, ತೆಗಿ, ಅಷ್ಟೇ.

ಮೇಸ್ತ್ರಿ ಕೆಳಗೆ ಸ್ವಿಚ್ಚಿನ ಹತ್ತಿರ, ನಾನು ಮೇಲೆ. ಪಕ್ಕದ ಮನೆಯ ತಾರಸಿ ಕೈಗೆಟುಕುವಷ್ಟು ಹತ್ತಿರ. ಅಲ್ಲಿ ಒಬ್ಬ ದೊಡ್ಡಮ್ಮ ವರ್ಷಕ್ಕಾಗುವಷ್ಟು ಹಪ್ಪಳ ಒಣಹಾಕಿ, ಕಾಗೆ ಓಡಿಸಲು ಕೋಲು ಹಿಡಿದು ಕೂತಿದ್ದರು.

ಫ್ಯಾನು ತಿರುಗಿತು. ಉಲ್ಟಾ! ಮೇಲಕ್ಕೆ ಹೋಗಬೇಕಾದ ಗಾಳಿ ಕೆಳಕ್ಕೆ ನುಗ್ಗಿ, ನೀರನ್ನೆಲ್ಲ ಪಕ್ಕದ ಕಂಡಿಗಳಿಂದ ಚೆಲ್ಲಾಡಿತು. ನಾನು ಬಗ್ಗಿ, "ಸಾಕು! ಸಾಕು!" ಅಂತ ಕಿರುಚಿದೆ.

ಮೇಸ್ತ್ರಿಗೆ ಕೇಳಿಸಿದ್ದು, "ಹಾಕು! ಹಾಕು!"

"ಹಾಕಿದೀನಿ ಕಣೋ!" ಅಂದರು ಕೆಳಗಿನಿಂದ.

"ಸಾಕೂ...!"

"ಅಯ್ಯೋ, ಹಾಕೇ ಇದೀನಿ ಅಂದ್ನಲ್ಲೋ!"

ನಾನು ಮೆಟ್ಟಿಲಿಳಿದು ಓಡಿಬಂದು ಕೈಯಾರೆ ಆಫ್ ಮಾಡುವಷ್ಟರಲ್ಲಿ ದೊಡ್ಡಮ್ಮನ ಹಪ್ಪಳವೆಲ್ಲ ಮತ್ತೆ ಹಿಟ್ಟಾಗಿತ್ತು. ಆಕೆ ತಲೆಯಿಂದ ನೀರು ತೊಟ್ಟಿಕ್ಕಿಸುತ್ತಾ, ಕಾಗೆ ಕೋಲು ಸಮೇತ ಟಾಕೀಸಿಗೇ ಬಂದರು. ಮೇಸ್ತ್ರಿ ಕೈಮುಗಿದು ಬೇಡಿಕೊಂಡರು. ಸಂಜೆ ನಾವಿಬ್ಬರೂ ಕೂತು ಹಪ್ಪಳದ ಹಿಟ್ಟು ಕುಟ್ಟಿಕೊಡುವುದು ಅಂತ ರಾಜಿಯಾಯಿತು. ಆದರೂ ಆಕೆ ಕದಲಲಿಲ್ಲ. "ಸರಿ ಮಾಡೋವರ್ಗೂ ನಾನು ಇಲ್ಲಿಂದ ಹೋಗಲ್ಲ."

ಮೇಸ್ತ್ರಿ ಮೈನು ಆಫ್ ಮಾಡಿ, ಮೂರು ವೈರಿನಲ್ಲಿ ಎರಡನ್ನು ಅದಲು ಬದಲು ಮಾಡಿ ಬಿಗಿದರು. ಈ ಸಲ ಕೂಗಾಟವಿಲ್ಲ, ನಾನು ಮೇಲಿಂದ ಟವಲ್ ಬೀಸಿದರೆ ಹಾಕು, ಇಳಿಸಿದರೆ ತೆಗಿ. ಫ್ಯಾನು ಸರಿಯಾಗಿ ತಿರುಗಿತು. ದೊಡ್ಡಮ್ಮ ಬಾಯಿ ಬಿಟ್ಟುಕೊಂಡು ನೋಡಿದರು.

"ಅಷ್ಟೇನಾ? ಎರಡು ವೈರು ಅದಲು ಬದಲು ಮಾಡಿದ್ರೆ ಉಲ್ಟಾ ತಿರುಗೋದು ಸರಿ ಹೋಗ್ತದಾ?"

"ಅಷ್ಟೇ ದೊಡ್ಡಮ್ಮ."

"ಹಂಗಾದ್ರೆ ಹಿಟ್ಟು ಕುಟ್ಟೋದು ಬೇಡ. ಮನೆಗೆ ಬನ್ನಿ. ನಮ್ಮ ಯಜಮಾನ್ರು ಜಗಲಿ ಮೇಲೆ ಕೂತವ್ರೆ. ಮೂವತ್ತು ವರ್ಷದಿಂದ ಉಲ್ಟಾನೇ ತಿರುಗ್ತಾವ್ರೆ."

ಪೀಠ

ಇದು ಚಿಕ್ಕದು, ಆದರೆ ತಪ್ಪು ಪೂರ್ತಿ ನನ್ನದು. ಮಾಲೂರಿನ ಕಡೆ ಒಂದು ನರ್ಸಿಂಗ್ ಹೋಮಿನ ಆಪರೇಷನ್ ಕೋಣೆಗೆ ಮಿಷನ್ ಬಂದಿತ್ತು, ಕೆಳಗಿನ ಸಿಮೆಂಟ್ ಕಟ್ಟೆ ಕಟ್ಟುವವನು ನಾಪತ್ತೆ. ಡಾಕ್ಟರು, "ದೇವರ ವಿಗ್ರಹ ಕೆತ್ತೋ ಶಿವಾರಪಟ್ಟಣ ಇಲ್ಲೇ ಇದೆಯಲ್ಲ, ಕಲ್ಲಿಂದೇ ಮಾಡಿಸ್ಬಿಡಿ" ಅಂದರು. ನಾನು ಹೋಗಿ ಒಬ್ಬ ಶಿಲ್ಪಿಯ ಹತ್ತಿರ ಅಳತೆ ಕೊಟ್ಟು ಹೇಳಿದೆ: "ಕೂರಿಸೋಕೆ ಒಂದು ಪೀಠ ಬೇಕು. ಮಟ್ಟ ತಪ್ಪಬಾರದು, ಅಲ್ಲಾಡಬಾರದು. ನೀರು ಹರಿದು ಹೋಗೋಕೆ ಒಂದು ಕಡೆ ದಾರಿ ಇರಬೇಕು."

"ಯಾವ ದಿಕ್ಕಿಗೆ?"

ಚರಂಡಿ ಇದ್ದದ್ದು ಉತ್ತರಕ್ಕೆ. "ಉತ್ತರಕ್ಕೆ" ಅಂದೆ.

"ಸರಿ, ಗೊತ್ತಾಯ್ತು ಬಿಡಿ" ಅಂದರು. ಆ ದಿಕ್ಕು ಕೇಳಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಎತ್ತಿನ ಗಾಡಿಯಲ್ಲಿ ಹುಲ್ಲು ಹೊದಿಸಿಕೊಂಡು ಬಂತು. ಹುಲ್ಲು ಸರಿಸಿದರೆ ಸುತ್ತಲೂ ಎರಡು ಸಾಲು ಕಮಲದ ದಳ, ಉತ್ತರಕ್ಕೆ ಗೋಮುಖ! ಬೈಯೋಣವೆಂದರೆ ಅಳತೆ ಕೂದಲೆಳೆ ತಪ್ಪಿಲ್ಲ. ಮಟ್ಟಗೋಲು ಇಟ್ಟರೆ ಅದರ ಗಾಳಿಗುಳ್ಳೆ ನಡುವಿನಿಂದ ಕದಲಲಿಲ್ಲ. ಬೇರೆ ದಾರಿಯಿಲ್ಲದೆ ಏಸಿಯನ್ನು ಕಮಲದ ಮೇಲೇ ಕೂರಿಸಿದೆವು.

ಚಾಲೂ ಮಾಡುವ ಮುಂಚೆ ತಪಾಸಣೆಗೆ ಇಂಜಿನಿಯರು ಬಂದರು. ಪ್ರತಿಷ್ಠಾಪನೆ ನೋಡಲು ಶಿಲ್ಪಿಯೂ ಮಡಿ ಪಂಚೆ ಉಟ್ಟು ಬಂದಿದ್ದರು. ಇಂಜಿನಿಯರು ಬಹಳ ಹೊತ್ತು ದಳಗಳನ್ನೇ ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು ಪಟ್ಟಿ ಓದಿದರು. ಮಟ್ಟ? ಸರಿಯಿದೆ. ನೀರಿನ ದಾರಿ? ಇದೆ. "ರಿಪೇರಿಗೆ ಓಡಾಡೋಕೆ ಸುತ್ತ ಮೂರಡಿ ಜಾಗ ಬಿಟ್ಟಿದ್ದೀರಾ?"

ನಾನು ಬಾಯಿ ತೆರೆಯುವ ಮುಂಚೆ ಶಿಲ್ಪಿ ಹೇಳಿದರು: "ಬಿಡದೆ ಇರ್ತೀವಾ ಸ್ವಾಮಿ? ಪ್ರದಕ್ಷಿಣೆ ಹೆಂಗೆ ಹಾಕೋದು?"

ದೊಡ್ಡವರ ತಂಪು

ಕೋಲಾರದಲ್ಲಿ ಒಂದು ಸಂಘದವರು ಹೊಸ ಸಭಾಂಗಣ ಕಟ್ಟಿಸಿದರು. ಉದ್ಘಾಟನೆಗೆ ಬೆಂಗಳೂರಿನಿಂದ ಭಾರಿ ದೊಡ್ಡವರೊಬ್ಬರು ಬರುವವರಿದ್ದರು. ಮೇ ತಿಂಗಳು. ಏಸಿಯ ಗುಂಡಿಯನ್ನೂ ಅವರೇ ಒತ್ತಬೇಕು ಅಂತ ಕಾರ್ಯದರ್ಶಿಯ ಆಸೆ.

ಇಂಥ ಮಿಷನ್ನಿನ ಕಂಪ್ರೆಸರಿನ ತಳದಲ್ಲಿ ಒಂದು ಪುಟ್ಟ ಹೀಟರ್ ಇರುತ್ತದೆ. ಚಾಲೂ ಮಾಡುವ ಮುಂಚೆ ಪೂರ್ತಿ ಒಂದು ದಿನ ಅದು ಉರಿಯಬೇಕು. ಇಲ್ಲದಿದ್ದರೆ ಗ್ಯಾಸು ಹೋಗಿ ಎಣ್ಣೆಯಲ್ಲಿ ಸೇರಿಕೊಂಡಿರುತ್ತದೆ. ಹಾಗೇ ಚಾಲೂ ಮಾಡಿದರೆ ಎಣ್ಣೆ ಹಾಲುಕ್ಕಿದಂತೆ ಉಕ್ಕಿ ಒಳಗಿನ ವಾಲ್ವುಗಳನ್ನೆಲ್ಲ ಮುರಿದುಹಾಕುತ್ತದೆ. ನಾವು ಹಿಂದಿನ ದಿನ ಬೆಳಿಗ್ಗೆಯೇ ಹೀಟರ್ ಹಾಕಿ, ಯಾರೂ ಮುಟ್ಟಬಾರದು ಅಂತ ಹೇಳಿ ಹೋಗಿದ್ದೆವು.

ಉದ್ಘಾಟನೆಯ ದಿನ ಬಂದು ಮೇಸ್ತ್ರಿ ಕಂಪ್ರೆಸರಿನ ತಳ ಮುಟ್ಟಿದರು. ತಣ್ಣಗಿತ್ತು.

ಸಭಾಂಗಣ ಕಾಯುವ ಆಳು ಕೈಕಟ್ಟಿ ನಿಂತು ಹೇಳಿದ: "ನೀವು ಅತ್ತ ಹೋದ್ಮೇಲೆ ಮುಟ್ಟಿ ನೋಡ್ದೆ ಸಾರ್. ಮೈ ಕೆಂಡ ಆಗಿತ್ತು. ತಣ್ಣಗೆ ಮಾಡೋ ಮಿಷನ್ನಿಗೇ ಜ್ವರ ಬಂದ್ರೆ ಹೆಂಗೆ ಅಂತ ಮೈನೇ ಆಫ್ ಮಾಡ್ಬಿಟ್ಟೆ. ಒದ್ದೆ ಬಟ್ಟೆನೂ ಹಾಕಿದ್ದೆ."

ಕಾರ್ಯದರ್ಶಿ ಬೆವರೊರೆಸಿಕೊಳ್ಳುತ್ತಾ ಬಂದರು. "ಮೇಸ್ತ್ರಿ, ದೊಡ್ಡೋರು ಇರೋದು ಒಂದೇ ಗಂಟೆ. ಅಷ್ಟೊತ್ತು ಓಡಿಸ್ಬಿಡಿ, ಏನಾಗಲ್ಲ."

"ದೊಡ್ಡೋರು ಇರೋದು ಒಂದು ಗಂಟೆ ಸಾರ್, ಕಂಪ್ರೆಸರ್ ಇರಬೇಕಾದ್ದು ಇಪ್ಪತ್ತು ವರ್ಷ. ನಾನು ಮುರಿಯೋಕೆ ಬಂದಿಲ್ಲ."

"ನನ್ನ ಮಾನ ಹೋಗ್ತದೆ ಮೇಸ್ತ್ರಿ!" ಕಾರ್ಯದರ್ಶಿಯ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ಮೂರು ವರ್ಷ ಆ ಕಟ್ಟಡಕ್ಕಾಗಿ ಊರೂರು ಅಲೆದವರು ಅವರು.

ಮೇಸ್ತ್ರಿ ಟೂಲ್ ಬ್ಯಾಗ್ ಬಿಚ್ಚಿದರು. ಮೈನು ಆಫ್ ಇರುವಾಗಲೇ ಕಂಪ್ರೆಸರಿಗೆ ಹೋಗುವ ವೈರು ಬಿಚ್ಚಿ ತುದಿಗೆ ಟೇಪು ಸುತ್ತಿದರು, ಆಮೇಲೆ ಮೈನು ಹಾಕಿ ಹೀಟರನ್ನು ಮತ್ತೆ ಉರಿಸಿದರು. ಈಗ ಗುಂಡಿ ಒತ್ತಿದರೆ ಒಳಗಿನ ಫ್ಯಾನು ಮಾತ್ರ ತಿರುಗುತ್ತದೆ. ಬರುವುದು ಬರೀ ಗಾಳಿ, ಅದೂ ಮೇ ತಿಂಗಳ ಕೋಲಾರದ ಗಾಳಿ.

ದೊಡ್ಡವರು ಬಂದರು. ಕಿಟಕಿ ಬಾಗಿಲು ಎಲ್ಲ ಮುಚ್ಚಿದರು. ನಾನೂರು ಜನ. ದೊಡ್ಡವರು ಗುಂಡಿ ಒತ್ತಿದರು. ಘುರ್ರ್ ಅಂತ ಶಬ್ದ ಬಂತು. ಮೊದಲ ಸಾಲಿನವರು ಕಣ್ಣು ಮುಚ್ಚಿ, "ಆಹಾ! ಊಟಿ, ಊಟಿ!" ಅಂದರು. ಹಿಂದಿನ ಸಾಲಿನವರು ಬೆನ್ನಿನ ಬೆವರು ಇಳಿಯುತ್ತಿದ್ದರೂ ತಾವೇಕೆ ಕಡಿಮೆ ಅಂತ ತಲೆದೂಗಿದರು. ನಾನೂ ಮೇಸ್ತ್ರಿಯೂ ಮಿಷನ್ ಕೋಣೆಯ ಬಾಗಿಲ ಸಂದಿಯಿಂದ ನೋಡುತ್ತಿದ್ದೆವು.

ಭಾಷಣ ಅರ್ಧಕ್ಕೆ ಬಂದಿತ್ತು. ದೊಡ್ಡವರು ಸನ್ಮಾನಕ್ಕೆ ಹಾಕಿದ್ದ ಶಾಲನ್ನು ಎರಡೂ ಭುಜಕ್ಕೆ ಎಳೆದುಕೊಂಡು, ಕಾರ್ಯದರ್ಶಿಯ ಕಿವಿಯಲ್ಲಿ ಏನೋ ಹೇಳಿದರು. ಕಾರ್ಯದರ್ಶಿ ಓಡಿಬಂದರು. ಮುಖ ನೋಡಿದರೆ ನಗುವೋ ಅಳುವೋ ಗೊತ್ತಾಗುತ್ತಿಲ್ಲ.

"ಮೇಸ್ತ್ರಿ... ಚಳಿ ಜಾಸ್ತಿ ಆಯ್ತಂತೆ. ಸ್ವಲ್ಪ ಕಡಿಮೆ ಮಾಡ್ಬೇಕಂತೆ."

"ಏನಂತ ಕಡಿಮೆ ಮಾಡ್ಲಿ ಸಾರ್? ಇರೋದೇ ಗಾಳಿ!" ಅಂದ ಮೇಸ್ತ್ರಿ, ಬಾಗಿಲು ಪೂರ್ತಿ ತೆಗೆದು ಸಭೆಗೆ ಕಾಣುವ ಹಾಗೆ ಗಂಭೀರವಾಗಿ ಒಂದು ತಿರುಪಿನ ಮೇಲೆ ಸ್ಕ್ರೂಡ್ರೈವರ್ ಇಟ್ಟು ತಿರುಗಿಸಿದಂತೆ ಮಾಡಿದರು. ವೇದಿಕೆಯ ಮೇಲಿಂದ ದೊಡ್ಡವರು ಕೈ ಎತ್ತಿ ತೋರಿಸಿದರು: ಈಗ ಸರಿ.

ಮಾರನೆಯ ದಿನ, ಹೀಟರ್ ಪೂರ್ತಿ ಒಂದು ದಿನ ಉರಿದಮೇಲೆ, ಬಿಚ್ಚಿದ ವೈರು ಸೇರಿಸಿ ಕಂಪ್ರೆಸರ್ ಚಾಲೂ ಮಾಡಿದೆವು. ಗಾಳಿ ಹಿಮದಂತೆ ಬಂತು. ಅರ್ಧ ಗಂಟೆಯಲ್ಲಿ ಕಿಟಕಿ ಗಾಜಿನ ಮೇಲೆ ಹನಿ ಕಟ್ಟಿತು. ಇದನ್ನಾದರೂ ನೋಡಲಿ ಅಂತ ಮೇಸ್ತ್ರಿ ಸಂಘದ ಹಿರಿಯ ಸದಸ್ಯರೊಬ್ಬರನ್ನು ಕರೆದು ನಡುವೆ ಕೂರಿಸಿದರು. ನಿನ್ನೆ ಮೊದಲ ಸಾಲಿನಲ್ಲಿ ಊಟಿ ಅಂದವರು ಅವರೇ.

ಅವರು ಐದು ನಿಮಿಷ ಕೂತರು. ಮೂಗು ಮೇಲೆತ್ತಿ ಅತ್ತ ಇತ್ತ ಗಾಳಿ ನೋಡಿದರು. ಎದ್ದು ಬಂದು ಮೇಸ್ತ್ರಿಯ ಮುಂದೆ ನಿಂತು ಕೇಳಿದರು:

"ನಿನ್ನೆ ಇದ್ದ ತಂಪು ಎಲ್ಲಿ ಹೋಯ್ತ್ರೀ? ದೊಡ್ಡೋರು ಬಂದಾಗ ಒಂಥರಾ, ನಮ್ಮಂಥೋರಿಗೆ ಒಂಥರಾನಾ?"