ಅತ್ತೆಯ ಬಾಡಿ

ಕೆಲವು ಬಟ್ಟೆಗಳ ಹೆಸರು ಹೇಳುವಾಗ ನನ್ನ ದನಿ ತಾನಾಗಿಯೇ ತಗ್ಗುತ್ತದೆ. ಬ್ರಾ ಅಂಥದ್ದು. ಒಣಹಾಕುವಾಗಲೂ ಅದರ ಮೇಲೊಂದು ಟವೆಲ್ ಹೊದಿಸುತ್ತೇನೆ, ಅದಕ್ಕೆ ಚಳಿ ಆಗುತ್ತದೇನೋ ಎಂಬಂತೆ. ಇಂಥ ನಾನು ನಮ್ಮ ಕೋಥರೂಡದ ಫ್ಲ್ಯಾಟಿನ ಹಾಲ್‌ನಲ್ಲಿ ಕೂತು ಬ್ರಾ ಹೊಲಿಯುವ ಪ್ರಸಂಗ ಬಂದದ್ದು ನಮ್ಮತ್ತೆಯಿಂದ.

ಅತ್ತೆಗೆ ಎಪ್ಪತ್ತೆರಡು. ಬಚ್ಚಲಲ್ಲಿ ಜಾರಿ ಹೆಗಲ ಮೂಳೆ ಮುರಿದು ಆಪರೇಷನ್ ಆಯಿತು. ಗಾಯವೇನೋ ಮಾಯಿತು, ಆದರೆ ಬ್ರಾದ ಪಟ್ಟಿ ಸರಿಯಾಗಿ ಆ ಕಲೆಯ ಮೇಲೆಯೇ ಕೂತು ಉರಿಸುತ್ತಿತ್ತು. ಒಳಗೆ 'ಬಾಡಿ', ಅಂದರೆ ಬ್ರಾ, ಇಲ್ಲದೆ ಹೊರಗೆ ಕಾಲಿಡುವವರಲ್ಲ ಅವರು. ಹೀಗಾಗಿ ಸೊಸೈಟಿಯ ಭಜನೆ ನಿಂತಿತು, ಸಂಜೆಯ ವಾಕಿಂಗ್ ನಿಂತಿತು. ಮಾತಿನ ಮಲ್ಲಿಯಾದ ಅತ್ತೆ ಕಿಟಕಿಯಲ್ಲಿ ಸುಮ್ಮನೆ ಕೂತಿರುವುದನ್ನು ನೋಡಿ ನನಗೆ ಸಂಕಟವಾಗುತ್ತಿತ್ತು. ಪಟ್ಟಿ ಇಲ್ಲದ್ದೊಂದನ್ನು ಅಂಗಡಿಯಿಂದ ತಂದುಕೊಟ್ಟೆ. ಹಾಕಿಕೊಂಡು ನೋಡಿ, "ಎದಿಗೆ ಎರಡು ಬೋಗಾಣಿ ಕಟ್ಟಿದಂಗ ಆಗ್ಯದಲ್ಲ ಸುಮಾ!" ಎಂದು ಬಿಚ್ಚಿ ಎಸೆದರು.

"ನಾನೇ ಹೊಲಿತೀನಿ ಬಿಡ್ರಿ ಅತ್ತೀ" ಎಂದುಬಿಟ್ಟೆ. ದಿಂಬಿನ ಕವರು ಬಿಟ್ಟು ಬೇರೇನೂ ಹೊಲಿದವಳಲ್ಲ ನಾನು. ಅವರ ಹಳೆಯದೊಂದರ ಹೊಲಿಗೆ ಬಿಚ್ಚಿ, ತುಂಡುಗಳನ್ನು ಪೇಪರಿನ ಮೇಲಿಟ್ಟು ಗೀಟು ಹಾಕಿಕೊಂಡೆ. ಮೆತ್ತನೆಯ ಕಾಟನ್ ಬಟ್ಟೆ, ಎರಡು ಪದರ. ಕೈ ಬೆನ್ನಿಗೆ ಹೋಗುವುದಿಲ್ಲವೆಂದು ಹುಕ್ಕು ಮುಂದೆ. ಪಟ್ಟಿ ಇಲ್ಲ. ಮೂರು ದಿನದಲ್ಲಿ ತಯಾರಾಯಿತು. ಅತ್ತೆ ತೊಟ್ಟು, ಸಂಭ್ರಮದಿಂದ ಭಜನೆಗೆ ಹೋದರು.

ಅರ್ಧ ತಾಸಿಗೆ ವಾಪಸ್ ಬಂದರು. ಎರಡೂ ತೋಳುಗಳನ್ನು ಪಕ್ಕೆಗೆ ಬಿಗಿಹಿಡಿದು, ಕಂಕುಳಲ್ಲಿ ಕಲ್ಲಂಗಡಿ ಇಟ್ಟುಕೊಂಡವರಂತೆ. ನಾನು ಗಾಬರಿಯಾಗಿ, "ಏನಾತ್ರಿ?" ಎಂದೆ.

"ಭಜನಿ ಮ್ಯಾಲೇರಿತು, ಬಾಡಿ ಕೆಳಗಿಳೀತು" ಎಂದವರೇ ನಗತೊಡಗಿದರು. ಬಿದ್ದ ದಿನದಿಂದ ಅವರು ನಕ್ಕಿರಲಿಲ್ಲ. ನನಗೂ ನಗು ತಡೆಯಲಾಗಲಿಲ್ಲ.

ಬ್ರಾವನ್ನು ಎತ್ತಿ ಹಿಡಿಯುವುದು ಹೆಗಲ ಪಟ್ಟಿಯೇ ಎಂದು ಇಷ್ಟು ವರ್ಷ ನಂಬಿದ್ದೆ. ಫೋನಿನಲ್ಲಿ ಹುಡುಕಿ ನೋಡಿದರೆ ಅಲ್ಲವಂತೆ, ಎದೆಯ ಕೆಳಗೆ ಸುತ್ತುವ ಪಟ್ಟಿಯೇ ಭಾರವೆಲ್ಲ ಹೊರಬೇಕು. ಅದನ್ನೇ ನಾನು ಅತ್ತೆಗೆ ಒತ್ತಬಾರದೆಂದು ಸಡಿಲ ಬಿಟ್ಟಿದ್ದೆ. ಅದನ್ನು ಎರಡು ಬೆರಳಷ್ಟು ಬಿಗಿ ಮಾಡಿ ಎರಡನೆಯದನ್ನು ಹೊಲಿಯಲು ಕೂತೆ. ಅಗಲ ಎಲಾಸ್ಟಿಕ್, ಪಕ್ಕದ ಹೊಲಿಗೆ ಮಡಚಿಕೊಳ್ಳದಂತೆ ಒಳಗಿಡಲು ಪ್ಲಾಸ್ಟಿಕ್ ಕಡ್ಡಿ, ಮೇಲಂಚಿನ ಒಳಗೆ ಜಾರದಂತೆ ರಬ್ಬರಿನ ಗೆರೆಯಿರುವ ಪಟ್ಟಿ ಬೇಕಾದವು. ಅತ್ತೆಯೂ ಅಂದು ಬಾಡಿಯ ಚಿಂತೆ ಬಿಟ್ಟು, ಮೈತುಂಬ ಶಾಲು ಹೊದ್ದುಕೊಂಡು ನನ್ನ ಜೊತೆ ಹೊಲಿಗೆ ಸಾಮಾನಿನ ಅಂಗಡಿಗೆ ಬಂದರು.

"ಕಶಾಸಾಠೀ ಪಾಹಿಜೆ, ತಾಯೀ?" ಯಾತಕ್ಕೆ ಬೇಕೆಂದು ಅಂಗಡಿಯವನು ಮರಾಠಿಯಲ್ಲಿ ಕೇಳಿದ. ಗಂಡಸು! ನನ್ನ ಬಾಯಿಂದ "ಕುಶನ್‌ಗೆ" ಎಂದು ಬಂದುಬಿಟ್ಟಿತು. ಕುಶನ್ನಿಗೆ ಕಡ್ಡಿ ಯಾಕೆಂದು ಅವನು ತಲೆ ಕೆರೆದುಕೊಳ್ಳುತ್ತಿರುವಾಗ ಅತ್ತೆ, "ಕುಶನ್ ನಾಹೀ ರೇ ಬಾಬಾ, ಬ್ರಾ!" ಎಂದು ಇಡೀ ಅಂಗಡಿಗೆ ಕೇಳುವಂತೆ ಸಾರಿದರು. ಅವನು ಕಣ್ಣು ಸಹ ಮಿಟುಕಿಸದೆ, ಮೊದಲು ತೆಗೆದಿದ್ದ ಕಡ್ಡಿ ಒಳಗಿಟ್ಟು, ಅಜ್ಜಿಗೆ ಚುಚ್ಚಬಾರದೆಂದು ಮೆತ್ತನೆಯದನ್ನು ಹುಡುಕಿಕೊಟ್ಟ. ಅಲ್ಲಿ ನಾಚಿದವಳು ನಾನೊಬ್ಬಳೇ.

ಎರಡನೆಯದನ್ನು ತೊಟ್ಟು ಅತ್ತೆ ಅಡುಗೆಮನೆಯಲ್ಲಿ ಚಪ್ಪಾಳೆ ತಟ್ಟಿದರು, ಬಗ್ಗಿದರು, ಎದ್ದರು, ತಾಳಕ್ಕೆ ತಕ್ಕಂತೆ ಒಂದು ಸುತ್ತು ತಿರುಗಿದರು. "ಅವ್ವಗ ಏನಾಗ್ಯದ?" ಎಂದು ನಮ್ಮವರು ಬಾಗಿಲಿಗೆ ಬಂದರು. "ಟ್ರಯಲ್ ನಡದದರಿ, ನೀವು ಆ ಕಡೆ ಹೋಗ್ರಿ" ಎಂದೆ. ಬಾಡಿ ಇದ್ದಲ್ಲಿಂದ ಕದಲಲಿಲ್ಲ. ಅಂದು ಸಂಜೆ ಅತ್ತೆ ಭಜನೆಗೆ ಹೋದವರು ಎಲ್ಲರಿಗಿಂತ ಕೊನೆಗೆ ಬಂದರು.

ಸುದ್ದಿಯೂ ಅವರಿಂದಲೇ ಹಬ್ಬಿತು. ಈಗ ಭಜನಾ ಮಂಡಳಿಯ ಹೆಂಗಸರು ಅಳತೆ ಕೊಡಲು ಸಾಲಾಗಿ ಬರುತ್ತಾರೆ. ಮೊನ್ನೆ ನಾಲ್ಕು ಮಂದಿಯ ಮುಂದೆ ಟೇಪು ಹಿಡಿದು, ಬ್ರಾ ಹೇಗೆ ಕೂರಬೇಕೆಂದು ದೊಡ್ಡ ದನಿಯಲ್ಲಿ ಭಾಷಣ ಬಿಗಿಯುತ್ತಿದ್ದೆ. ಅತ್ತೆ ನಡುವೆ ಎದ್ದು ಬಂದು ನನ್ನ ತೋಳಿನ ಮೇಲೆ ಇಳಿಬಿದ್ದಿದ್ದ ನನ್ನದೇ ಬ್ರಾದ ಪಟ್ಟಿಯನ್ನು ಬ್ಲೌಸಿನೊಳಗೆ ತುರುಕಿ, ಪಿನ್ನು ಚುಚ್ಚಿ, "ಹಾಂ, ಈಗ ಮುಂದ ಹೇಳು" ಎಂದರು.