ಕಾನ್ರಾಡನ ಕೊನೆಯ ಹೊಡೆತ

ಆ ಶನಿವಾರ ಬೆಳಿಗ್ಗೆ ಕಾನ್ರಾಡ್ ಪಿಂಟೊನ ಸೊಂಟ ಹಿಡಿದುಕೊಂಡದ್ದಕ್ಕೆ ಬೇಸ್‌ಬಾಲ್ ಕಾರಣವಲ್ಲ, ದೋಸೆ ಹಿಟ್ಟು ಕಾರಣ. ಸಿಡ್ನಿಯ ಕೆಲ್ಲಿವಿಲ್ಲಿನ ಮನೆಯಲ್ಲಿ ಹೆಂಡತಿ ಫ್ಲೇವಿಯಾ ಅಕ್ಕಿ ನೆನೆಹಾಕಿ, ಕಪಾಟಿನ ಮೇಲಿದ್ದ ಗ್ರೈಂಡರ್ ಇಳಿಸಿಕೊಡಲು ಹೇಳಿದ್ದಳು. ಗ್ರೈಂಡರ್ ಸುರಕ್ಷಿತವಾಗಿ ಕೆಳಗಿಳಿಯಿತು. ಕಾನ್ರಾಡನ ಬೆನ್ನು ಮಾತ್ರ ಕಟಕ್ ಎಂದು ಅರ್ಧಕ್ಕೇ ನಿಂತಿತು.

"ಎಂತ ಮಾರಾಯ್ರೆ, ಹಾಗೇ ಬಗ್ಗಿ ನಿಂತಿದ್ದೀರಿ?"

"ಶೂ ಲೇಸ್ ನೋಡ್ತಾ ಇದ್ದೆ."

"ಬರಿಗಾಲಲ್ಲಿದ್ದೀರಲ್ಲ!"

ಕಾನ್ರಾಡ್ ಹಲ್ಲು ಕಚ್ಚಿ ನೆಟ್ಟಗಾದ. ನಿಜ ಹೇಳಿದರೆ ಅವಳು ಮನೆಯಿಂದ ಹೊರಗೆ ಬಿಡುವವಳಲ್ಲ. ಅಂದು ಮೆಲ್ಬರ್ನಿನಲ್ಲಿ ಫೈನಲ್. ಮ್ಯಾಕ್ವೆರಿ ಪಾರ್ಕಿನ ಆಫೀಸುಗಳಲ್ಲಿ ದುಡಿಯುವ ನಮ್ಮವರು ಕಟ್ಟಿದ ವೀಕೆಂಡ್ ತಂಡಕ್ಕೆ ಅವನೇ ದೊಡ್ಡ ಹೊಡೆತಗಾರ. ವಯಸ್ಸು ನಲವತ್ತೆಂಟಾಗಿತ್ತು, ಇದೇ ಕೊನೆಯ ಪಂದ್ಯವೆಂದು ಸಾರಿಬಿಟ್ಟಿದ್ದ. ಒಂದು ಭರ್ಜರಿ ಹೊಡೆತದೊಂದಿಗೆ ವಿದಾಯ ಹೇಳಬೇಕು, ಅದೊಂದೇ ಅವನ ಆಸೆ.

ಸಿಡ್ನಿ ಏರ್‌ಪೋರ್ಟಿನಲ್ಲಿ ಅವನ ನಡಿಗೆ ನೋಡಿ ಅಲ್ಲಿಯ ಹುಡುಗಿಯೊಬ್ಬಳು ತಾನಾಗಿಯೇ ವೀಲ್‌ಚೇರ್ ತಂದಳು. ಕೂರೋಣವೆಂದು ಬಗ್ಗುವಷ್ಟರಲ್ಲಿ ಕ್ಯಾಪ್ಟನ್ ಲಕ್ಷ್ಮೀಶ ಎದುರಿಗೇ ಬಂದ. ಕಾನ್ರಾಡ್ ಚಟ್ಟನೆ ಹಿಂದೆ ಸರಿದು ಖಾಲಿ ಕುರ್ಚಿಯನ್ನೇ ತಳ್ಳತೊಡಗಿದ.

"ಯಾರಿಗ್ರೀ ಅದು?"

"ಊರಿಂದ ಬಂದ ಯಾರೋ ಅಜ್ಜಿಗೆ. ಪಾಪ, ನಡೀಲಿಕ್ಕಾಗುದಿಲ್ಲವಂತೆ."

"ನೋಡ್ರೋ, ಟೀಮ್ ಸ್ಪಿರಿಟ್ ಅಂದ್ರೆ ಇದು!" ಎಂದು ಲಕ್ಷ್ಮೀಶ ಉಳಿದವರನ್ನು ಕರೆದು ತೋರಿಸಿದ. ಕೊಡಗಿನ ಕರಿಯಪ್ಪ ಆ ಕುರ್ಚಿಯನ್ನು ವಿಪರೀತ ಆಸೆಯಿಂದ ನೋಡಿದ.

"ಈಗ್ಲೇ ಕೇಳ್ತೀನಿ," ಎಂದ ಲಕ್ಷ್ಮೀಶ. "ಯಾರಿಗಾದ್ರೂ ನೋವು ಗೀವು ಇದ್ರೆ ಹೇಳ್ಬಿಡಿ. ಬೆಂಚ್ ಮೇಲೆ ಕೂರಿಸ್ತೀನಿ."

ಎಲ್ಲರೂ ಒಮ್ಮೆಲೇ ಜೇಬಿನಲ್ಲಿ ಬೋರ್ಡಿಂಗ್ ಪಾಸ್ ಹುಡುಕತೊಡಗಿದರು.

ವಿಮಾನದಲ್ಲಿ ಕಾನ್ರಾಡ್ ಕಣ್ಣು ಮುಚ್ಚಿ ವಿದಾಯ ಭಾಷಣ ಹೊಂದಿಸಿಕೊಂಡ. ತಂಡವೆಂದರೆ ಒಬ್ಬನ ನೋವು ಎಲ್ಲರ ನೋವು. ಒಬ್ಬ ಬಿದ್ದರೆ ಇನ್ನೊಬ್ಬ ಅವನಿಗಾಗಿ ಓಡುತ್ತಾನೆ. ಈ ಸಾಲನ್ನು ತಾನೇ ಮೆಚ್ಚಿ ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡ. ಪಕ್ಕದಲ್ಲಿ ಕೂತ ಬೆಂಗಳೂರಿನ ಅಮೃತ್ ಮೆಲ್ಲಗೆ ಹೇಳಿದ: "ಕಾನ್ರಾಡಣ್ಣ, ಇವತ್ತು ಹೊಡೆದ್ರೆ ಬೇಲಿಯಾಚೆಗೇ ಹೊಡೀರಿ. ಆಗ ಯಾರೂ ಓಡೋ ಗೋಜಿಲ್ಲ, ಆರಾಮಾಗಿ ನಡ್ಕೊಂಡು ಬರ್ಬಹುದು." ಇಳಿಯುವಾಗ ಕರಿಯಪ್ಪನೂ ಅದನ್ನೇ ಹೇಳಿದ. ಬಸ್ಸಿನಲ್ಲಿ ಕ್ಯಾಪ್ಟನ್ನೂ ಹೇಳಿದ. ತನ್ನ ಮೇಲೆ ಎಂಥ ನಂಬಿಕೆ ಎಂದು ಕಾನ್ರಾಡ್ ಉಬ್ಬಿಹೋದ.

ಮೆಲ್ಬರ್ನಿನ ಚಳಿಗಾಳಿಗೆ ಸೊಂಟ ಇನ್ನಷ್ಟು ಬಿಗಿಯಿತು. ಕಾನ್ರಾಡ್ ಚೆಂಡು ಬಾರದ ಮೂಲೆ ಹುಡುಕಿ ನಿಂತು ಹೇಗೋ ಕೊನೆಯ ಸರದಿಯವರೆಗೆ ಕಾಲ ತಳ್ಳಿದ. ಆಗ ಸಿಡ್ನಿ ತಂಡ ಒಂದೇ ರನ್ ಹಿಂದಿತ್ತು. ಇನ್ನೊಂದು ಔಟ್ ಆದರೆ ಆಟ ಮುಗಿಯುತ್ತಿತ್ತು. ಆದರೆ ಎದುರಾಳಿಯ ಎಸೆತಗಾರನ ಕೈ ಸೋತಿತ್ತು. ಗುರಿ ತಪ್ಪಿ ನಾಲ್ಕು ಸಲ ಎಸೆದರೆ ಆಟಗಾರನಿಗೆ ಮೊದಲ ಬೇಸು ಪುಕ್ಕಟೆ. ಹೀಗೆ ಕರಿಯಪ್ಪ, ಅಮೃತ್, ಲಕ್ಷ್ಮೀಶ ಒಬ್ಬರ ಹಿಂದೊಬ್ಬರು ಮದುವೆ ಮನೆಗೆ ಬಂದ ಬೀಗರಂತೆ ನಿಧಾನವಾಗಿ ನಡೆದು ಮೂರೂ ಬೇಸು ತುಂಬಿದರು. ಈಗ ಕಾನ್ರಾಡನ ಸರದಿ.

ಅವನಿಗೂ ಮೂರು ಎಸೆತ ಗುರಿ ತಪ್ಪಿ ಬಂದವು. ಇನ್ನೊಂದು ತಪ್ಪಿದರೆ ಎಲ್ಲರೂ ಒಂದೊಂದು ಬೇಸು ಮುಂದೆ ನಡೆದು, ಎಲ್ಲರಿಗಿಂತ ಮುಂದಿದ್ದ ಕರಿಯಪ್ಪ ಕೊನೆಯ ಬೇಸು ಮುಟ್ಟಿ ಪಂದ್ಯ ಸಮವಾಗುತ್ತಿತ್ತು.

"ಬಿಟ್ಬಿಡಿ ಕಾನ್ರಾಡ್! ಸುಮ್ನೆ ನಿಂತ್ಕೊಳ್ಳಿ!" ಲಕ್ಷ್ಮೀಶ ಗಂಟಲು ಹರಿದುಕೊಂಡ.

ಸುಮ್ಮನೆ ನಿಲ್ಲುವುದಕ್ಕೆ ಮೆಲ್ಬರ್ನಿಗೆ ಬರಬೇಕಿತ್ತೇ? ನಾಲ್ಕನೆಯ ಎಸೆತ ದೂರದಲ್ಲೇ ಹೋಗುತ್ತಿತ್ತು. ಕಾನ್ರಾಡ್ ಕೈಚಾಚಿ, ಎಲ್ಲ ಸಂತರನ್ನೂ ನೆನೆದು ಬೀಸಿದ. ಠಾಣ್! ಚೆಂಡು ಆಕಾಶಕ್ಕೇರಿ, ಬೇಲಿಗೆ ಬಡಿದು, ಒಳಗೇ ಬಿತ್ತು.

ಕಾನ್ರಾಡ್ ಬ್ಯಾಟು ಊರಿಕೊಂಡು ಅಲ್ಲೇ ನಿಂತ. ಬೆನ್ನು ಪೂರ್ತಿ ಕೈಕೊಟ್ಟಿತ್ತು. ಚಿಂತೆಯಿಲ್ಲ, ತಂಡವಿದೆಯಲ್ಲ ಎಂದು ಕತ್ತೆತ್ತಿ ನೋಡಿದ. ಕರಿಯಪ್ಪ ಒಂದು ಹೆಜ್ಜೆಯಿಟ್ಟು ಮೀನಖಂಡ ಹಿಡಿದುಕೊಂಡು ಕೂತಿದ್ದ. ಅಮೃತ್ ಮೊಣಕಾಲು ಹಿಡಿದುಕೊಂಡಿದ್ದ. ಲಕ್ಷ್ಮೀಶ ಒಂಟಿಗಾಲಿನಲ್ಲಿ ಕುಣಿಯುತ್ತಿದ್ದ. ಎದುರಾಳಿಯೊಬ್ಬ ಚೆಂಡು ಹೆಕ್ಕಿ, ಇದೇನೋ ಉಪಾಯವಿರಬೇಕೆಂದು ಅನುಮಾನಿಸುತ್ತಲೇ ನಡೆದು ಬಂದು ಕರಿಯಪ್ಪನಿಗಿಂತ ಮೊದಲೇ ಕೊನೆಯ ಬೇಸು ಮುಟ್ಟಿದ. ಕರಿಯಪ್ಪ ಔಟ್. ಆಟ ಮುಗಿಯಿತು.

"ಒಂದು ವಾರದಿಂದ ನೋವಿತ್ತು, ಮುಚ್ಚಿಟ್ಟಿದ್ದೆ," ಎಂದ ಕರಿಯಪ್ಪ. ಅಮೃತನೂ ಅದನ್ನೇ ಒಪ್ಪಿಕೊಂಡ. ಹಿಮ್ಮಡಿ ಒತ್ತಿಕೊಳ್ಳುತ್ತ ಲಕ್ಷ್ಮೀಶ ಕಾನ್ರಾಡನ ಕೈ ಹಿಡಿದ. ಅವನ ಕಣ್ಣಲ್ಲಿ ನೀರಿತ್ತು.

"ಕ್ಷಮಿಸ್ಬಿಡಿ. ನಮ್ಮಲ್ಲಿ ಗಟ್ಟಿಯಾಗಿದ್ದೋರು ನೀವೊಬ್ರೇ. ಮುಂದೆ ಇದ್ದ ನಾವೇ ಓಡದಿದ್ರೆ ಹಿಂದಿನ ನೀವು ಏನ್ ಮಾಡ್ತೀರಿ?"

ಸೊಂಟದ ಸಂಗತಿ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಇಂಥ ಹೊಗಳಿಕೆ ಮತ್ತೆಂದು ಸಿಗುತ್ತದೆ? ಕಾನ್ರಾಡ್ ಅದನ್ನು ನುಂಗಿಕೊಂಡ.

ಆದ್ದರಿಂದ ಮೂವರ ಕಿಟ್ ಬ್ಯಾಗುಗಳನ್ನೂ ಏರ್‌ಪೋರ್ಟಿನವರೆಗೆ ಅವನೇ ಹೊರಬೇಕಾಯಿತು. ಅಲ್ಲಿ ಮೂರು ವೀಲ್‌ಚೇರ್ ಬಂದವು. ನಾಲ್ಕನೆಯದನ್ನು ಯಾರೂ ಕೇಳಲಿಲ್ಲ.

ಕೆಲ್ಲಿವಿಲ್ಲಿನ ಮನೆ ಬಾಗಿಲಲ್ಲಿ ಫ್ಲೇವಿಯಾ ನಗುತ್ತ ನಿಂತಿದ್ದಳು.

"ಲಕ್ಷ್ಮೀಶರು ಫೋನ್ ಮಾಡಿದ್ರು. ಇಡೀ ಟೀಮಲ್ಲಿ ನೀವೊಬ್ರೇ ಗಟ್ಟಿಯಂತೆ! ಮುಂದಿನ ವರ್ಷಕ್ಕೆ ನೀವೇ ಕ್ಯಾಪ್ಟನ್ ಅಂತೆ. ನಾನೂ ಆಯ್ತು ಅಂದೆ."

ಕಾನ್ರಾಡ್ ಗೋಡೆ ಹಿಡಿದುಕೊಂಡ.

"ಒಳಗೆ ಬನ್ನಿ ಮಾರಾಯ್ರೆ, ದೋಸೆ ಬಿಸಿ ಉಂಟು. ಕೂರುವ ಮೊದ್ಲು ಗ್ರೈಂಡರ್ ಒಂದು ಮೇಲಿಟ್ಟುಬಿಡಿ. ಬೆಳಿಗ್ಗೆಯಿಂದ ಕಾಲಿಗೆ ಅಡ್ಡ ಬರ್ತಾ ಉಂಟು."